ಕೋಟು ಕಳಚುವಷ್ಟು ಬೆಚ್ಚಗೆ

ನವೆಂಬರ್ 3, ಸೋಮವಾರ

ನೊರೀನ್ ಇವತ್ತು ಬೆಳಗಿನ ರೈಲಿಗೆ ಬ್ರಿಡ್ಲಿಂಗ್‌ಟನ್ನಿನ ತಂಗಿ ಮನೆಗೆ ಹೊರಟುಹೋದಳು. ಜಗಳವಾಡಿ ಹೋದಳು ಅನ್ನುವಂತಿಲ್ಲ. ಬಾಯಿ ತೆರೆದರೆ ಒಳಗಿನ ಕಾವು ಹೊರಗೆ ಹೋಗುತ್ತದೆಂದು ಇಬ್ಬರೂ ಮಫ್ಲರಿನೊಳಗಿಂದಲೇ ಮಾತಾಡಿದೆವು. ಅವಳದು ಚಳವಳಿಯಲ್ಲ, ಚಳಿವಳಿ. ಬೇಡಿಕೆ ಒಂದೇ ಒಂದು.

"ನನ್ನ ಅಡುಗೆಮನೇಲಿ ಕೋಟು ಕಳಚಿ ನಿಂತ್ಕೊಂಡು ಪಾತ್ರೆ ಒರೆಸೋ ಹಾಗಾದ ದಿನ ಫೋನ್ ಮಾಡು, ಕ್ಲಿಫರ್ಡ್. ಅಲ್ಲೀವರೆಗೂ ಬೆರಿಲ್ ಮನೇಲಿರ್ತೀನಿ."

ಮಾಮೂಲಿಗೆ ನಾನು ಬರೀ ಕ್ಲಿಫ್. ಪೂರ್ತಿ ಹೆಸರು ಬಂತೆಂದರೆ ಪ್ರಕರಣ ಗಂಭೀರ.

ನನ್ನ ಪಕ್ಷದ ವಾದವನ್ನು ಇಲ್ಲಿ ಬರೆದಿಡುತ್ತೇನೆ, ಕೇಳುವವರು ಮನೆಯಲ್ಲಿ ಯಾರೂ ಉಳಿದಿಲ್ಲವಾದ್ದರಿಂದ. ನಮ್ಮದು ಜೋಡಿಮನೆಯ ಅರ್ಧ. ಹನ್ನೆರಡನೇ ನಂಬರು ನಮ್ಮದು. ಅದಕ್ಕೆ ಭುಜ ಒತ್ತಿ ನಿಂತಿರುವುದು ಹದಿನಾಲ್ಕು. ನಮ್ಮಜ್ಜನ ಕಾಲದ ಮೇಸ್ತ್ರಿಗಳು ಹೊರಗೋಡೆಯನ್ನು ಎರಡು ಪದರವಾಗಿ ಕಟ್ಟಿ, ನಡುವೆ ಮೂರು ಬೆರಳಗಲದ ಪೊಳ್ಳು ಬಿಟ್ಟರು. ಹೊರಗಿನ ಇಟ್ಟಿಗೆ ನೆನೆದರೂ ಒಳಗಿನದು ಒಣಗಿರಲಿ ಎಂದು. ಈಗಿನವರು ಆ ಪೊಳ್ಳಿನೊಳಗೆ ಥರ್ಮಾಕೋಲ್ ಮಣಿಗಳನ್ನು ಊದಿ ತುಂಬಿಸಿ, ಮನೆ ಬೆಚ್ಚಗಾಯಿತು ಅನ್ನುತ್ತಾರೆ. ನಮ್ಮ ಬೀದಿಯಲ್ಲಿ ಎಲ್ಲರೂ ತುಂಬಿಸಿಕೊಂಡಾಗಿದೆ, ನಾನೂ ಹದಿನಾಲ್ಕೂ ಬಿಟ್ಟು. ನಾನು ಜೀವಮಾನವಿಡೀ ಭೂಗೋಳ ಪಾಠ ಹೇಳಿದವನು. ಗಾಳಿಯ ವಿಚಾರ ನನಗೆ ಯಾರೂ ಹೇಳಿಕೊಡಬೇಕಿಲ್ಲ. ಗೋಡೆ ಉಸಿರಾಡಬೇಕು.

"ಉಸಿರಾಡತ್ತೆ, ಗೊತ್ತು," ಅಂದಳು ನೊರೀನ್ ಬಾಗಿಲಲ್ಲಿ. "ದಿನಾ ನನ್ನ ಕತ್ತಿನ ಮೇಲೇ ಉಸಿರಾಡತ್ತೆ."

ಉತ್ತರ ಸಮುದ್ರಕ್ಕೂ ನಮ್ಮ ಹಲ್ ಊರಿಗೂ ನಡುವೆ ಒಂದು ಗುಡ್ಡವೂ ಇಲ್ಲ. ಗಾಳಿ ನೆಟ್ಟಗೆ ಬಂದು ನಮ್ಮ ಮೂಡಣ ಗೋಡೆಯನ್ನು ತಟ್ಟುತ್ತದೆ. ಹಲ್‌ನಲ್ಲಿ ಹುಟ್ಟಿ ಹಲ್ಲು ಕಟಕಟಿಸಲಾರೆ ಅಂದರೆ ಹೇಗೆ?

ಹೋಗಲಿ. ಇನ್ನು ನಾಲ್ಕು ದಿನ ಆರಾಮ.

ನವೆಂಬರ್ 4, ಮಂಗಳವಾರ

ಸ್ವರ್ಗ. ಅಂಗಡಿಯಿಂದ ಕರಿದ ಆಲೂಗಡ್ಡೆ ಪ್ಯಾಟಿ ಮತ್ತು ಚಿಪ್ಸ್ ತಂದು, ತಟ್ಟೆಯ ತಂಟೆಯಿಲ್ಲದೆ ಕಾಗದದಲ್ಲೇ ತಿಂದೆ. ಕಾಲು ಮೇಜಿನ ಮೇಲೆ. ಟೀವಿ ನನ್ನದು, ರಿಮೋಟು ನನ್ನದು, ಸೋಫಾದ ಎರಡೂ ತುದಿ ನನ್ನದು.

ನವೆಂಬರ್ 7, ಶುಕ್ರವಾರ

ಪ್ಯಾಟಿ, ಚಿಪ್ಸ್.

ಸೋಫಾದ ಆ ತುದಿ ತಣ್ಣಗಿದೆ.

ನವೆಂಬರ್ 8, ಶನಿವಾರ

ಇವತ್ತು ಅಂಚೆಯವನು ಬಾಗಿಲು ಬಡಿದಾಗ ನಾನು ನನ್ನ ಕೋಟಿನ ಮೇಲೆ ನೊರೀನಳ ಗುಲಾಬಿ ನಿಲುವಂಗಿ ತೊಟ್ಟಿದ್ದೆ. ಅದು ದಪ್ಪ ಬಟ್ಟೆಯದು, ಅಷ್ಟೇ ಕಾರಣ. "ನಿಮಗೆ ಒಪ್ಪತ್ತೆ ಸಾರ್," ಎಂದು ಹೇಳಿ ಹೋದ. ಬೀದಿಯ ಕೊನೆಯವರೆಗೂ ಸಿಳ್ಳೆ ಹಾಕುತ್ತಿದ್ದ.

ನೊರೀನ್‌ಗೆ ಫೋನ್ ಮಾಡಿದೆ. ಮಾತಿನ ನಡುವೆ ಏನೋ ಚಪ್ಪರಿಸುವ ಸದ್ದು.

"ಏನು ತಿಂತಿದೀಯ?"

"ಐಸ್‌ಕ್ರೀಮು."

"ನವೆಂಬರಲ್ಲಾ?"

"ಇಲ್ಲಿ ಸೆಕೆ ಕ್ಲಿಫ್. ಬೆರಿಲ್ ನಂಗೆ ಅವಳ ಅರ್ಧ ತೋಳಿನ ಬ್ಲೌಸ್ ಕೊಟ್ಟಿದಾಳೆ." ಆಮೇಲೆ, "ಎದುರುಗಡೆ ಬಂಗಲೆ ಖಾಲಿಯಾಗ್ತಿದೆ. ಚಿಕ್ಕದು, ಮೆಟ್ಟಿಲಿಲ್ಲ, ಸಖತ್ ಬೆಚ್ಚಗಿದೆ. ಹೋಗಿ ನೋಡ್ಕೊಂಡು ಬಂದೆ. ಈ ತಿಂಗಳು ಇಪ್ಪತ್ನಾಕಕ್ಕೆ ಅವ್ರಿಗೆ ಹೂಂ ಅಥವಾ ಊಹೂಂ ಹೇಳ್ಬೇಕು."

"ನಾವು ಬ್ರಿಡ್‌ಗೆ ಹೋಗಿ ಇರೋದಾ?"

"ನಾನು ಹೋಗಿ ಇರೋದು. ನೀನು ಬರೋದೂ ಬಿಡೋದೂ ನಿಂಗೆ ಬಿಟ್ಟಿದ್ದು. ನಿನ್ನ ಗೋಡೆ ಉಸಿರಾಡ್ತಾ ಇರತ್ತಲ್ಲ, ಜೊತೆಗೆ."

ಫೋನಿಟ್ಟ ಮೇಲೆ ಯೋಚಿಸಿದೆ. ಮಣಿ ತುಂಬಿಸಿದ ಗೋಡೆ ನಿಜವಾಗಿ ಕೆಲಸ ಮಾಡುವುದಿಲ್ಲವೆಂದು ಸಾಧಿಸಲು ಇರುವ ಏಕೈಕ ವೈಜ್ಞಾನಿಕ ದಾರಿಯೆಂದರೆ, ಒಮ್ಮೆ ತುಂಬಿಸಿ ನೋಡುವುದು. ಪ್ರಯೋಗ, ಅಷ್ಟೇ. ಯಾರನ್ನೋ ಕರೆಸಿಕೊಳ್ಳಲು ಅಲ್ಲ.

ನವೆಂಬರ್ 11, ಮಂಗಳವಾರ

ಗೋಡೆಯವರು ಬಂದಿದ್ದರು. ಟ್ರೇಸಿ ಎಂಬ ಹೆಂಗಸು ಮುಖ್ಯಸ್ಥೆ. ಬಾಜ್ ಎಂಬ ಗಡ್ಡದ ದೈತ್ಯ ಅವಳ ಜೊತೆಗಾರ. ಟ್ರೇಸಿ ಮಾತಾಡುತ್ತಾಳೆ, ಬಾಜ್ ಬಿಸ್ಕತ್ತು ತಿನ್ನುತ್ತಾನೆ. ಹಲ್‌ನ ಕೆಲಸಗಾರರ ಪದ್ಧತಿಯಂತೆ ನಾನು ಅವಳಿಗೆ ಮೊದಲ ನಿಮಿಷದಿಂದಲೇ 'ಚಿನ್ನ'. ಮಕ್ಕಳು ನಲವತ್ತು ವರ್ಷ 'ಸಾರ್' ಅಂದದ್ದು ಒಂದು ಡ್ರಿಲ್ಲಿನ ಸದ್ದಿಗೆ ಪುಡಿಯಾಯಿತು.

ಗಾರೆಯಲ್ಲಿ ಬೆರಳು ಹೋಗುವಷ್ಟು ತೂತು ಕೊರೆದು ಒಳಗೆ ಪುಟ್ಟ ಕ್ಯಾಮೆರಾ ಬಿಟ್ಟಳು. ಪರದೆಯ ಮೇಲೆ ನಮ್ಮ ಗೋಡೆಯ ಒಳಗು ಕಂಡಿತು: ಕತ್ತಲು, ಧೂಳು, ಎರಡು ಪದರವನ್ನು ಹಿಡಿದಿರುವ ಕಬ್ಬಿಣದ ಕೊಂಡಿಗಳು. ಅಂಥ ಒಂದು ಕೊಂಡಿಯ ಮೇಲೆ ನೆಟ್ಟಗೆ ಕೂತ ಒಂದು ಟೀ ಲೋಟ.

"ನೋಡೋ ಬಾಜ್! ಮೇಸ್ತ್ರಿ ಟೀ ಕುಡಿದು ಅಲ್ಲೇ ಮರೆತು ಗೋಡೆ ಮುಚ್ಬಿಟ್ಟಿದಾನೆ!"

"ಪಾಪ," ಎಂದ ಬಾಜ್. ಇಡೀ ದಿನದಲ್ಲಿ ಅವನಾಡಿದ ಮಾತು ಅದೊಂದೇ.

ಆಮೇಲೆ ಟ್ರೇಸಿ ನನ್ನನ್ನು ಹಿತ್ತಲಿಗೆ ಕರೆದು, ಎರಡು ಮನೆ ಕೂಡುವ ಗೆರೆಯನ್ನು ತೋರಿಸಿದಳು. "ಇಲ್ನೋಡಿ ಚಿನ್ನ. ಮನೆ ಎರಡು, ಆದ್ರೆ ಗೋಡೆ ಒಳಗಿನ ಪೊಳ್ಳು ಒಂದೇ. ನಿಮ್ಮ ಕಡೆ ಮಣಿ ಬಿಟ್ರೆ ಆ ಕಡೆ ಹರ್ಕೊಂಡು ಹೋಗತ್ತೆ. ಅದಕ್ಕೆ ಈ ಗೆರೆ ಉದ್ದಕ್ಕೂ ಮೇಲಿಂದ ಕೆಳಗೆ ಒಂದು ಬ್ರಶ್ ಇಳಿಸ್ತೀವಿ, ಬಾಟ್ಲಿ ತೊಳೆಯೋ ಬ್ರಶ್ ಥರದ್ದು. ಅಡ್ಡ ನಿಲ್ಲತ್ತೆ. ಪಕ್ಕದವ್ರ ಇಟ್ಟಿಗೆ ಸ್ವಲ್ಪ ಮುಟ್ಬೇಕಾಗತ್ತೆ. ನೀವು ಹೋಗಿ ಒಂದ್ ಮಾತು ಕೇಳ್ಬಿಡಿ."

ಒಂದು ಮಾತು! ಎಷ್ಟು ಸಲೀಸಾಗಿ ಹೇಳಿದಳು.

ಹದಿನಾಲ್ಕು, ಅಂದರೆ ಪಕ್ಕದ ಮನೆಯವರು, ಇಲ್ಲಿಗೆ ಬಂದು ಹನ್ನೊಂದು ವರ್ಷವಾಯಿತು. ಬಂದ ದಿನ ಸಾಮಾನು ಇಳಿಸುತ್ತಿದ್ದರು. ನಡುವೆ ಹೋಗಿ ಅಡ್ಡಿಮಾಡಬಾರದೆಂದು ಸುಮ್ಮನಿದ್ದೆ. ಆ ವಾರ ಸುಧಾರಿಸಿಕೊಳ್ಳಲಿ ಎಂದು ಬಿಟ್ಟೆ. ಅಷ್ಟರಲ್ಲಿ ಕ್ರಿಸ್ಮಸ್ ಬಂತು. ಆಮೇಲೆ ತಡವಾಗಿಹೋಯಿತು. ಆರು ತಿಂಗಳು ತಲೆಯಾಡಿಸಿದ ಮನುಷ್ಯನ ಹೆಸರನ್ನು ಏಳನೇ ತಿಂಗಳಲ್ಲಿ ಕೇಳುವುದು ಸಭ್ಯರ ಲಕ್ಷಣವಲ್ಲ. ಹನ್ನೊಂದನೇ ವರ್ಷದಲ್ಲಿ ಕೇಳುವುದಂತೂ ಪೊಲೀಸರು ಮಾಡುವ ಕೆಲಸ.

ನೊರೀನ್‌ಗೆ ಹೆಸರು ಗೊತ್ತು. ಅವಳಿಗೆ ಬೀದಿಯ ಬೆಕ್ಕುಗಳ ಹೆಸರೂ ಗೊತ್ತು. ಹಿಂದೊಮ್ಮೆ ಉಪಾಯವಾಗಿ ಕೇಳಿದ್ದೆ. "ಗೋಡೆ ಆಚೇನೇ ಇದಾರೆ, ಹೋಗಿ ನೀನೇ ಕೇಳು," ಅಂದಳು. ಅವತ್ತಿನಿಂದ ನನ್ನ ಮುಂದೆ ಅವರ ಸುದ್ದಿ ಬಂದಾಗೆಲ್ಲ ಬೇಕೆಂದೇ 'ಅವರು' ಅನ್ನುತ್ತಾಳೆ.

ನವೆಂಬರ್ 13, ಗುರುವಾರ

ಕೇಳಲು ಇವತ್ತಿಗಿಂತ ಒಳ್ಳೆಯ ದಿನವಿಲ್ಲ, ಏಕೆಂದರೆ ಇವತ್ತು ಕಸದ ಡಬ್ಬ ಹೊರಗಿಡುವ ಸಂಜೆ. ಈ ವಾರ ನೀಲಿ ಡಬ್ಬವೋ ಕಪ್ಪು ಡಬ್ಬವೋ ಎಂಬುದು ನಮ್ಮ ಬೀದಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಎಲ್ಲರೂ ಪರದೆ ಸರಿಸಿ ಪಕ್ಕದವರನ್ನು ನೋಡುತ್ತಾರೆ. ನಾನು ಹದಿನಾಲ್ಕನ್ನು ನೋಡಿ ಇಡುತ್ತೇನೆ. ಹದಿನಾಲ್ಕು ನನ್ನನ್ನು ನೋಡಿ ಇಡುತ್ತದೆ. ಹೀಗಾಗಿ ಒಮ್ಮೊಮ್ಮೆ ಇಬ್ಬರೂ ಕತ್ತಲಾಗುವವರೆಗೆ ಪರದೆಯ ಹಿಂದೆಯೇ ನಿಂತಿರುವುದುಂಟು.

ಇವತ್ತು ನಾನೇ ಧೈರ್ಯ ಮಾಡಿ ನೀಲಿ ಡಬ್ಬ ತಳ್ಳಿಕೊಂಡು ಹೊರಟೆ. ಅವರೂ ಬಂದರು. ಗಿಡ್ಡ ಆಸಾಮಿ, ಉಣ್ಣೆ ಟೋಪಿ, ಕೆಂಪು ಮೂಗು.

"ಚಳಿ," ಎಂದೆ.

"ಚಳಿ," ಎಂದರು.

"ಮೂಡಣ ಗಾಳಿ."

"ಮೂಡಣದ್ದೇ."

"ಸರಿ ಹಾಗಾದ್ರೆ."

"ಸರಿ."

ನಮ್ಮಿಬ್ಬರ ನಡುವೆ ಇಷ್ಟು ಉದ್ದದ ಮಾತುಕತೆ ನಡೆದದ್ದು ಇದೇ ಮೊದಲು. ಇಂಥ ಒಳ್ಳೆಯ ಸಂಜೆಯನ್ನು ಬ್ರಶ್ಶಿನ ವಿಷಯ ಎತ್ತಿ ಕೆಡಿಸಲು ಮನಸ್ಸಾಗಲಿಲ್ಲ.

ನವೆಂಬರ್ 17, ಸೋಮವಾರ

ಇವತ್ತು ಕೆಲಸ ನಡೆಯಿತು. ಇತಿಹಾಸಕ್ಕಾಗಿ ವಿವರವಾಗಿ ಬರೆಯುತ್ತೇನೆ.

ಬೆಳಿಗ್ಗೆ ಲಾರಿ ಬಂತು. ಟ್ರೇಸಿ ಕೇಳಿದಳು, "ಪಕ್ಕದವ್ರು ಏನಂದ್ರು ಚಿನ್ನ?"

"ಅದರ ಅಗತ್ಯ ಬೀಳಲಿಲ್ಲ. ನಡುವೆ ಆಗಲೇ ಅಡ್ಡ ಇದೆ. ಕಟ್ಟುವಾಗಲೇ ಇಟ್ಟಿದ್ದಾರೆ."

"ಹೌದಾ? ಯಾರು ಹೇಳಿದ್ರು?"

"ಈ ಮನೆಯಲ್ಲಿ ಮೂವತ್ತು ವರ್ಷದಿಂದ ಇದ್ದೇನಮ್ಮ," ಎಂದೆ. ಪ್ರಶ್ನೆಗೆ ಉತ್ತರವಲ್ಲದಿದ್ದರೂ ವಾಕ್ಯ ಸತ್ಯವಾಗಿತ್ತು. ಆಕಾಶದಲ್ಲಿ ಮಳೆ ತೂಗುತ್ತಿತ್ತು. ಬೇಗ ಶುರುಮಾಡಬೇಕೆಂಬ ಆತುರ ಅವಳಿಗೂ ಇತ್ತು. "ಮೇಷ್ಟ್ರು ಹೇಳಿದ್ಮೇಲೆ ಮುಗೀತು," ಎಂದು ಡ್ರಿಲ್ಲು ಎತ್ತಿದಳು. ಇದನ್ನು ಸುಳ್ಳು ಅನ್ನಲಾರೆ. ಮುನ್ಸೂಚನೆ ಅನ್ನಬಹುದು, ಹವಾಮಾನದವರೂ ದಿನಾ ಮಾಡುತ್ತಾರೆ.

ಮಣಿಗಳು ಬೂದು ಬಣ್ಣದವು, ಸಾಸಿವೆಗಿಂತ ಸ್ವಲ್ಪ ದಪ್ಪ. ಲಾರಿಯಿಂದ ಕೊಳವೆಯಲ್ಲಿ ಅಂಟಿನ ಜೊತೆ ಸರಸರ ಓಡಿ ಗೋಡೆಯೊಳಗೆ ಸುರಿಯುತ್ತವೆ, ಕೂತಲ್ಲೇ ಅಂಟಿಕೊಳ್ಳುತ್ತವೆ. ಇಷ್ಟು ವರ್ಷ ನೊರೀನಳ ಮಾತಿಗೆ ಮಣಿಯದವನು ಕೊನೆಗೆ ಮಣಿಗೇ ಮಣಿದೆ. ಹಿತ್ತಲಿನ ಗೋಡೆಯಲ್ಲಿ, ಹದಿನಾಲ್ಕರ ಗೆರೆಯ ಪಕ್ಕದಿಂದಲೇ ಶುರುಮಾಡಿದರು. ಮಧ್ಯಾಹ್ನವಾದರೂ ಗೋಡೆ ತುಂಬಲಿಲ್ಲ. ನಾಲ್ಕನೇ ಸಲ ಟೀ ಕೊಟ್ಟೆ. ಬಾಜ್ ಬಿಸ್ಕತ್ತಿನ ಎರಡನೇ ಪೊಟ್ಟಣ ಮುಗಿಸಿದ. ಗೋಡೆ ಆಗಲೂ ತಿನ್ನುತ್ತಲೇ ಇತ್ತು.

"ಏನು ಹೊಟ್ಟೆ ಚಿನ್ನ ನಿಮ್ಮ ಗೋಡೇದು!" ಎಂದಳು ಟ್ರೇಸಿ, ಬೆವರು ಒರೆಸುತ್ತ. "ಎರಡು ಮನೇಗಾಗೋಷ್ಟು ನುಂಗ್ತು!"

"ಹಳೇ ಕಾಲದ ಗೋಡೆ. ಆಗಿನವರ ಕೈ ದೊಡ್ಡದು," ಎಂದೆ, ಒಂಥರಾ ಹೆಮ್ಮೆಯಿಂದ.

ಕತ್ತಲಾಗುವ ಮುಂಚೆ ಲಾರಿಯೇ ಖಾಲಿ. ಗಾಳಿ ಬಡಿಯುವ ಮೂಡಣ ಗೋಡೆಗೆ ಒಂದು ಮಣಿಯೂ ಉಳಿಯಲಿಲ್ಲ. ಮತ್ತೆ ಬರುವುದು ಮುಂದಿನ ಮಂಗಳವಾರವಂತೆ.

ನೊರೀನ್‌ಗೆ ಫೋನ್ ಮಾಡಿ "ಮುಗಿದ ಹಾಗೇ," ಎಂದೆ.

"ನೀನಾ? ಮಾಡಿಸ್ದ್ಯಾ?" ಎಂದಳು. "ಸರಿ. ಶನಿವಾರ ಬರ್ತೀನಿ. ಅಡುಗೆಮನೇಲಿ ಕೋಟು ಕಳಚಿದ್ರೆ ಸೋಮವಾರ ಬಂಗಲೆಯವ್ರಿಗೆ ಊಹೂಂ. ಕಳಚದಿದ್ರೆ ಹೂಂ. ನಾಟಕ ಇಲ್ಲ."

ಶನಿವಾರ ಮೊದಲು ಬರುತ್ತದೋ ಮಂಗಳವಾರ ಮೊದಲು ಬರುತ್ತದೋ ಎಂಬುದು ಫೋನಿಟ್ಟ ಮೇಲೆ ಹೊಳೆಯಿತು.

ನವೆಂಬರ್ 18, ಮಂಗಳವಾರ

ಅಡುಗೆಮನೆ ಮುಂಚಿನಷ್ಟೇ ತಣ್ಣಗಿದೆ. ಬೆಣ್ಣೆಗೆ ಚಾಕು ಇಳಿಯುವುದಿಲ್ಲ.

ಹನ್ನೊಂದಕ್ಕೆ ಬೆಲ್ ಆಯಿತು. ಬಾಗಿಲಲ್ಲಿ ಹದಿನಾಲ್ಕು. ಕೈಯಲ್ಲಿ ಒಂದು ತಗಡಿನ ಬಕೆಟ್ಟು. ಅದರ ತುಂಬ ಬೂದು ಮಣಿ. ನಾನು ಬೆಚ್ಚಗಾಗುವ ಬದಲು ಬೆಚ್ಚಿಬಿದ್ದೆ.

"ತೊಂದರೆ ಕೊಡ್ತಿದೀನಿ, ಕ್ಷಮಿಸಿ," ಎಂದರು. "ಇವು ನಿಮ್ಮವು ಅನ್ಸತ್ತೆ."

"ಅಯ್ಯೋ. ಎಲ್ಲಿ ಸಿಕ್ಕವು?"

"ಸಿಂಕಿನ ಪೈಪಿನ ಸಂದೀಲಿ ಸ್ವಲ್ಪ ಬಂತು. ಆಮೇಲೆ ಚಮಚದ ಡ್ರಾಯರಲ್ಲಿ ಸ್ವಲ್ಪ. ಗ್ರೇವೀಲಿ ಸ್ವಲ್ಪ. ಅದನ್ನ ಸೋಸಿದೆ."

"ಯಾವಾಗ?"

"ನಿನ್ನೆ. ಬೆಳಿಗ್ಗೆಯಿಂದ."

"ನಿನ್ನೆಯೇ ಬಂದು ಹೇಳಬಾರದಿತ್ತೇ!"

"ನೀವು ಕೆಲಸದಲ್ಲಿದ್ರಿ," ಎಂದರು ಸಂಕೋಚದಿಂದ. "ನಡುವೆ ಬಂದು ಅಡ್ಡಿ ಮಾಡೋದು ಬೇಡ ಅಂತ ಕುರ್ಚಿ ಹಾಕ್ಕೊಂಡು ನೋಡ್ತಾ ಕೂತಿದ್ದೆ. ಹಿಮ ಬಿದ್ದ ಹಾಗೆ, ಚೆನ್ನಾಗೇ ಇತ್ತು."

ಅವರ ಮೇಲೆ ನನಗೆ ಗೌರವ ಹುಟ್ಟಿತು. ನಾನಿದ್ದರೂ ಹಾಗೇ ಮಾಡುತ್ತಿದ್ದೆ. ಥ್ಯಾಂಕ್ಸ್ ಹೇಳಿ ಬಾಗಿಲು ಹಾಕಿಕೊಂಡೆ. ಆಮೇಲೆ ಕೈಯಲ್ಲಿ ಅವರ ಬಕೆಟ್ಟು ಉಳಿದದ್ದು ಕಂಡಿತು. ಈಗ ಅದನ್ನು ಹಿಂತಿರುಗಿಸಬೇಕು. ಹಿಂತಿರುಗಿಸಲು ಬಾಗಿಲು ತಟ್ಟಬೇಕು. ಹನ್ನೊಂದು ವರ್ಷ ಕಾಪಾಡಿಕೊಂಡು ಬಂದದ್ದು ಒಂದು ಬಕೆಟ್ಟಿನಲ್ಲಿ ಮುಳುಗಿತು.

ನವೆಂಬರ್ 19, ಬುಧವಾರ

ಖಾಲಿ ಬಕೆಟ್ಟು ಕೊಡುವುದು ಚೆನ್ನಾಗಿರುವುದಿಲ್ಲವೆಂದು ಒಳಗೆ ಎರಡು ಪ್ಯಾಟಿ ಇಟ್ಟುಕೊಂಡು ಹೋದೆ. ಬಾಗಿಲಲ್ಲೇ ಕೊಟ್ಟು ಬರುವ ಯೋಜನೆ. ಆದರೆ "ಟೀ ಇಟ್ಟಿದೀನಿ" ಅಂದಮೇಲೆ ಯಾರಾದರೂ ಹೇಗೆ ತಿರುಗಿ ಬರುತ್ತಾರೆ?

ಅವರ ಅಡುಗೆಮನೆ! ನನ್ನ ಮಣಿಗಳೆಲ್ಲ ಅಲ್ಲಿದ್ದವು, ಅವರ ಹಿತ್ತಲ ಗೋಡೆಯೊಳಗೆ. ಒಲೆಯಲ್ಲಿ ಬನ್ನಿನಂಥ ಬ್ರೆಡ್‌ಕೇಕ್ ಬೇಯುತ್ತಿತ್ತು. ಅದರ ಕಾವು ಮೊದಲಾದರೆ ಹೊರಗೆ ಓಡಿಹೋಗುತ್ತಿತ್ತಂತೆ. ಈಗ ಹೋಗಲು ದಾರಿ ಸಿಗದೆ ಅಲ್ಲೇ ಸುಳಿಯುತ್ತಿತ್ತು. ಕಿಟಕಿಯ ಗಾಜಿನ ಮೇಲೆ ಮಂಜು.

"ನಂಗೆ ಒಂಥರಾ ಕಳ್ಳನ ಹಾಗೆ ಅನ್ಸತ್ತೆ," ಎಂದರು ಅವರು. "ನಿಮ್ಮ ಮನೆ ಶಾಖ ನಾನು ಕದ್ದ ಹಾಗೆ."

"ತಪ್ಪು ನನ್ನದೇ. ನಡುವೆ ಅಡ್ಡ ಇಡೋದಕ್ಕೆ ನಿಮ್ಮನ್ನು ಕೇಳಬೇಕಿತ್ತು."

"ಕೇಳಿದ್ರೆ ಹೂಂ ಅಂತಿದ್ದೆ."

"ಗೊತ್ತಿತ್ತು. ಅದೇ ದಾಕ್ಷಿಣ್ಯ."

ಅವರು ಗಂಭೀರವಾಗಿ ತಲೆಯಾಡಿಸಿದರು. ಅರ್ಥವಾಯಿತು ಅವರಿಗೆ. "ನಾನೂ ಮೊನ್ನೆ ಎರಡು ಸಲ ನಿಮ್ಮ ಗೇಟಿನ ತನಕ ಬಂದೆ. ಕೂಗೋಣ ಅಂದ್ರೆ ನಿಮ್ಮ ಹೆಸರು ಗೊತ್ತಿಲ್ಲ. 'ನೊರೀನ್ ಯಜಮಾನ್ರೇ' ಅಂತ ಬೀದೀಲಿ ಹೇಗೆ ಕೂಗೋದು?"

ಆಮೇಲೆ ಟೀ ಬಂತು. ಅವರು ಹುಡುಗರಾಗಿದ್ದಾಗ ಮೀನಿನ ಹಡಗಿನಲ್ಲಿ ಅಡುಗೆಯವರಂತೆ. ಐಸ್‌ಲ್ಯಾಂಡಿನ ಆಚೆಯವರೆಗೂ ಹೋಗುತ್ತಿದ್ದರಂತೆ. "ಹಗ್ಗದ ಮೇಲೆ ನೀರ್ಗಲ್ಲು ಕಟ್ಕೊಂಡು ಕೊಡಲೀಲಿ ಕಡೀಬೇಕಿತ್ತು. ಆದ್ರೆ ಅಡುಗೆ ಗೂಡು ಯಾವಾಗ್ಲೂ ಬೆಚ್ಚಗೆ. ಇಡೀ ಹಡಗು ಅಲ್ಲೇ ಬಂದು ನಿಲ್ಲೋದು. ಕಾಲಿಡಕ್ಕೂ ಜಾಗ ಇರ್ತಿರ್ಲಿಲ್ಲ. ಸ್ಕಿಪ್ಪರ್ ಮೇಲಿಂದ ಕೂಗೋರು: 'ಡೆಸ್ಮಂಡ್! ನನ್ನ ಸಿಬ್ಬಂದೀನ ವಾಪಸ್ ಕೊಡೋ!'"

ಡೆಸ್ಮಂಡ್! ನಾನು ಮುಖದಲ್ಲಿ ಏನೂ ತೋರಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ಎಷ್ಟೋ ವರ್ಷದಿಂದ ಗೊತ್ತಿದ್ದವನ ಹಾಗೆ, "ಇನ್ನೊಂದು ಬ್ರೆಡ್‌ಕೇಕ್ ಸಿಗಬಹುದೇ, ಡೆಸ್ಮಂಡ್?" ಎಂದೆ. ಚೆನ್ನಾಗಿ ನಿಭಾಯಿಸಿದೆ.

"ಖಂಡಿತ. ತಮ್ಮ ಹೆಸರು?" ಎಂದರು ಅವರು. ಎಂಥ ಧೈರ್ಯದ ಮನುಷ್ಯ.

ಮನೆಗೆ ಬಂದ ಮೇಲೆ ನೋಡಿದರೆ ಕೋಟು ಅಲ್ಲೇ ಮರೆತಿದ್ದೇನೆ. ಯಾವಾಗ ಕಳಚಿದೆನೋ. ನಾಳೆ ಹೋಗಿ ತರಬೇಕು.

ನವೆಂಬರ್ 20, ಗುರುವಾರ

ಕೋಟು ತರಲು ಹೋಗಿದ್ದೆ. ಡೆಸ್ಮಂಡ್ ಮೀನಿನ ಪೈ ಮಾಡಿದ್ದ. ಮಣಿಗಳ ಸಮಸ್ಯೆಗೆ ಪರಿಹಾರವನ್ನೂ ಅವನೇ ಹೇಳಿದ: ಅವನ ಕಡೆ ಹೋದದ್ದು ಹೋಯಿತು, ಅಂಟಿಕೊಂಡೂ ಆಯಿತು, ಹೇಗೂ ಅರ್ಧ ತುಂಬಿದೆ, ಉಳಿದರ್ಧವನ್ನೂ ತುಂಬಿಸಿಕೊಂಡುಬಿಡುತ್ತಾನಂತೆ. ಟ್ರೇಸಿಗೆ ಫೋನ್ ಮಾಡಿ ನಿಜ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. "ಕ್ಯಾಮೆರಾ ಹಾಕಿ ನಾನೂ ನೋಡ್ಬೇಕಿತ್ತು ಚಿನ್ನ, ಮಳೆ ಅಂತ ಬಿಟ್ಟೆ," ಎಂದು ಅರ್ಧ ಬೈಗುಳವನ್ನು ತಾನೇ ಇಟ್ಟುಕೊಂಡಳು. ಆದರೆ ಮಂಗಳವಾರಕ್ಕಿಂತ ಮುಂಚೆ ಲಾರಿಯಿಲ್ಲ.

ಶನಿವಾರದ ಪರೀಕ್ಷೆಯ ಬಗ್ಗೆ ಡೆಸ್ಮಂಡ್‌ಗೆ ಹೇಳಿದೆ.

"ನೊರೀನ್ ಬ್ರಿಡ್‌ಗೆ ಹೋಗ್ಬಿಡ್ತಾರಾ? ಪೂರ್ತಿ?" ಎಂದು ಕೇಳಿದ. ಆಮೇಲೆ, "ನೀನೂ?"

"ಗೊತ್ತಿಲ್ಲ," ಎಂದೆ.

ಅವನು ಬಹಳ ಹೊತ್ತು ಒಲೆಯ ಮುಂಭಾಗವನ್ನು ಒರೆಸಿದ. ಅದು ಆಗಲೇ ಸ್ವಚ್ಛವಾಗಿತ್ತು.

ಹಾಂ, ಕೋಟು ತರುವುದು ಮರೆಯಿತು.

ನವೆಂಬರ್ 22, ಶನಿವಾರ

ಬೆಳಿಗ್ಗೆ ಎದ್ದವನೇ ನಾಟಕದ ತಯಾರಿ ನಡೆಸಿದೆ. ಓವನ್ ಪೂರ್ತಿ ಉರಿಸಿ ಬಾಗಿಲು ತೆರೆದಿಟ್ಟೆ. ನಾಲ್ಕು ಬರ್ನರಿನ ಮೇಲೂ ನೀರಿನ ಪಾತ್ರೆ. ಬಿಸಿನೀರಿನ ಚೀಲವೊಂದನ್ನು ನೊರೀನಳ ಕುರ್ಚಿಯ ದಿಂಬಿನೊಳಗೆ ಅಡಗಿಸಿದೆ. ಡೆಸ್ಮಂಡ್ ಬೇಲಿಯ ಮೇಲಿಂದ ತನ್ನ ಎಣ್ಣೆ ಹೀಟರನ್ನೂ ದಾಟಿಸಿದ. ಇಷ್ಟಾದರೂ ಮೂಡಣ ಗೋಡೆ ತನ್ನ ಪಾಡಿಗೆ ಉಸಿರಾಡುತ್ತಲೇ ಇತ್ತು. ಹನ್ನೆರಡಕ್ಕೆ ಸರಿಯಾಗಿ ಬೀಗದ ಕೈ ತಿರುಗಿತು.

ಬಂದಳು. ಕೂದಲು ಕತ್ತರಿಸಿಕೊಂಡಿದ್ದಾಳೆ, ಚೆನ್ನಾಗಿದೆ. ಹೇಳಬೇಕೆಂದುಕೊಂಡೆ, ಆದರೆ "ರೈಲು ಸರಿಯಾದ ಹೊತ್ತಿಗೆ ಬಂತಾ?" ಎಂದೆ.

ಅಡುಗೆಮನೆಯ ನಡುವೆ ನಿಂತು ಸುತ್ತ ನೋಡಿದಳು. ಕೋಟಿನ ಮೇಲಿನ ಗುಂಡಿಗೆ ಕೈ ಹಾಕಿದಳು. ತೆಗೆಯಲಿಲ್ಲ.

"ಕ್ಲಿಫರ್ಡ್, ಓವನ್ ಯಾಕೆ ಬಾಯಿ ಬಿಟ್ಕೊಂಡಿದೆ?"

"ಗಾಳಿಯಾಡಲಿ ಅಂತ."

"ಆ ಹೀಟರ್ ಯಾರದ್ದು?"

"ಡೆಸ್ಮಂಡ್‌ದು."

"ದಿಂಬು ಯಾಕೆ ಒದ್ದೆಯಾಗಿದೆ? ನಿನ್ನ ಕೋಟೆಲ್ಲಿ? ಈ ಚಳೀಲಿ ಬರೀ ಸ್ವೆಟರಲ್ಲಿ ನಿಂತಿದೀಯಲ್ಲ!"

"ಕೋಟು ಡೆಸ್ಮಂಡ್ ಮನೇಲಿದೆ."

ಗುಂಡಿಯ ಮೇಲಿನ ಅವಳ ಕೈ ಅಲ್ಲೇ ನಿಂತಿತು. "ಯಾರ ಮನೇಲಿ?"

"ಡೆಸ್ಮಂಡ್. ಹದಿನಾಲ್ಕರ ಡೆಸ್ಮಂಡ್. ನಿನಗೆ ಗೊತ್ತಲ್ಲ."

"ನಂಗೆ ಗೊತ್ತು," ಎಂದಳು ನಿಧಾನವಾಗಿ. "ನಿಂಗೆ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಹೋಗಿದ್ದೆ."

"ಬಾಗಿಲು ತಟ್ಟಿ?"

"ಬಕೆಟ್ಟು ಕೊಡೋದಿತ್ತು," ಎಂದೆ. ಅಲ್ಲಿಂದ ಶುರುವಾಗಿ ಎಲ್ಲವನ್ನೂ ಹೇಳಬೇಕಾಯಿತು: ಬ್ರಶ್ಶು, ಮುನ್ಸೂಚನೆ, ಗ್ರೇವಿ, ಮಂಗಳವಾರ. ಅವಳು ಕೇಳುತ್ತ ಕುರ್ಚಿಯಲ್ಲಿ ಕೂತಳು, ಒದ್ದೆ ದಿಂಬೆಂದು ಎದ್ದಳು, ಮತ್ತೆ ಅದರ ಮೇಲೇ ಕೂತಳು. ನಗುತ್ತಿದ್ದಳೆಂದು ಕಾಣುತ್ತದೆ, ಮಫ್ಲರು ಅಡ್ಡವಿದ್ದುದರಿಂದ ಖಚಿತವಾಗಿ ಹೇಳಲಾರೆ. ಕೊನೆಗೆ ಎದ್ದು ನಾಲ್ಕೂ ಬರ್ನರ್ ಆರಿಸಿದಳು, ಓವನ್ನಿನ ಬಾಗಿಲು ಮುಚ್ಚಿದಳು.

ಮುಗಿಯಿತು ಅಂದುಕೊಂಡೆ.

"ನಡಿ," ಎಂದಳು. "ನಿನ್ನ ಕೋಟು ತಗೊಂಡು ಬರೋಣ."

ಡೆಸ್ಮಂಡ್ ಪರದೆಯ ಹಿಂದೆಯೇ ನಿಂತಿದ್ದನೆಂದು ಕಾಣುತ್ತದೆ, ತಟ್ಟುವ ಮುಂಚೆಯೇ ಬಾಗಿಲು ತೆರೆದ. ಮೇಜಿನ ಮೇಲೆ ಮೂರು ತಟ್ಟೆ ಇದ್ದವು. ನೊರೀನ್ ಒಳಗೆ ಹೋದಳು, ನಿಂತಳು, "ಅಬ್ಬಾ!" ಎಂದಳು. ಆಮೇಲೆ ಮಫ್ಲರು ಬಿಚ್ಚಿ, ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಕೋಟನ್ನು ಕಳಚಿ ನನ್ನ ಕೋಟಿನ ಪಕ್ಕದ ಗೂಟಕ್ಕೆ ಹಾಕಿದಳು. ಊಟವಾದ ಮೇಲೆ ಟವಲ್ ತೆಗೆದುಕೊಂಡು ಸಿಂಕಿನ ಮುಂದೆ ನಿಂತು ಪಾತ್ರೆ ಒರೆಸಿದಳು. ಚಮಚದ ಡ್ರಾಯರಿನಿಂದ ಒಂದು ಮಣಿ ತೆಗೆದು ಬೆಳಕಿಗೆ ಹಿಡಿದು ನೋಡಿದಳು.

ಬೆರಿಲ್ ಫೋನ್ ಮಾಡಿದ್ದು ಆಗಲೇ.

"ಹೌದು, ಕಳಚಿದೆ," ಎಂದಳು ನೊರೀನ್. "ಹೂಂ, ಪಾತ್ರೇನೂ ಒರೆಸ್ತಿದೀನಿ. ಬಂಗಲೆಯವ್ರಿಗೆ ಊಹೂಂ ಅಂದ್ಬಿಡು. … ಯಾರ ಅಡುಗೆಮನೇನಾ? ಹನ್ನೆರಡಕ್ಕೂ ಹದಿನಾಲ್ಕಕ್ಕೂ ಮಧ್ಯ ಏನೂ ಇಲ್ವಂತೆ ಬೆರಿಲ್. ಕ್ಲಿಫ್ ಹೇಳ್ದ."

ತಾಂತ್ರಿಕವಾಗಿ ಸರಿಯಾದ ಮಾತು. ನಾನು ತಿದ್ದಲಿಲ್ಲ.

ನವೆಂಬರ್ 25, ಮಂಗಳವಾರ

ಟ್ರೇಸಿ, ಬಾಜ್, ದೊಡ್ಡ ಲಾರಿ. ಮೊದಲು ನಮ್ಮ ಮೂಡಣ ಗೋಡೆ, ಆಮೇಲೆ ಡೆಸ್ಮಂಡ್‌ನದು. ಟೀ ಈ ಸಲ ಎರಡು ಮನೆಯಿಂದಲೂ ಹೋಯಿತು. ಬಾಜ್‌ಗೆ ಬ್ರೆಡ್‌ಕೇಕ್ ಸಿಕ್ಕಿ, ಒಟ್ಟು ಮೂರು ಮಾತಾಡಿದ.

ಕೊನೆಯಲ್ಲಿ ಟ್ರೇಸಿ ನಡುಗೆರೆಯ ಬಳಿ ನಿಂತು, ಆ ಉದ್ದದ ಬ್ರಶ್ಶನ್ನು ಹೆಗಲ ಮೇಲಿಟ್ಟುಕೊಂಡು ಕೇಳಿದಳು. "ಎರಡು ಕಡೇನೂ ತುಂಬ್ತಿರೋದ್ರಿಂದ ಇದು ಬೇಕಂತೇನಿಲ್ಲ. ಆದ್ರೂ ತಂದಿದೀನಿ. ಮಧ್ಯ ಅಡ್ಡ ಹಾಕ್ಲಾ?"

"ಬೇಡ," ಎಂದೆ. ಡೆಸ್ಮಂಡ್ ಕೂಡ ಅದೇ ಹೊತ್ತಿಗೆ ಅದನ್ನೇ ಹೇಳಿದ. ಆ ಬ್ರಶ್ಶನ್ನು ಮತ್ತೆ ಲಾರಿಗೆ ಏರಿಸಲು ಬಾಜ್‌ಗೆ ಬಹಳ ಕಷ್ಟವಾಯಿತು.

ಮೇಸ್ತ್ರಿಯ ಟೀ ಲೋಟವನ್ನು ಅಲ್ಲೇ ಬಿಟ್ಟೆವು. ಈಗ ಅದೂ ಬೆಚ್ಚಗಿರುತ್ತದೆ.

ಡಿಸೆಂಬರ್ 6, ಶನಿವಾರ

ಬರೆಯಲು ಪುರುಸೊತ್ತಿರಲಿಲ್ಲ. ಹೊರಗೆ ಮೂಡಣ ಗಾಳಿ ಊಳಿಡುತ್ತಿದೆ, ಕೇಳಿಸುತ್ತದೆ, ತಾಕುವುದಿಲ್ಲ. ಪ್ರಯೋಗದ ಫಲಿತಾಂಶವನ್ನು ಇಲ್ಲಿ ಪ್ರಾಮಾಣಿಕವಾಗಿ ದಾಖಲಿಸುವುದು ವಿಜ್ಞಾನಿಯಾಗಿ ನನ್ನ ಕರ್ತವ್ಯ: ಬೆಣ್ಣೆಗೆ ಚಾಕು ಇಳಿಯುತ್ತದೆ.

ಇವತ್ತು ಮಧ್ಯಾಹ್ನ ನೊರೀನ್ ಅರ್ಧ ತೋಳಿನ ಬ್ಲೌಸಿನಲ್ಲಿ ಪಾತ್ರೆ ಒರೆಸುತ್ತಿದ್ದವಳು ಹಣೆ ಒರೆಸಿಕೊಂಡು, ನೆಟ್ಟಗೆ ಹೋಗಿ ಕಿಟಕಿ ತೆರೆದಳು. ನಾನು ಹೌಹಾರಿದೆ.

"ಏನ್ಮಾಡ್ತಿದೀಯ! ಶಾಖ ಎಲ್ಲ ಹೋಗತ್ತೆ!"

"ಸೆಕೆ ಕಣೋ. ಮನೆ ಸ್ವಲ್ಪ ಉಸಿರಾಡ್ಬೇಕಲ್ವಾ?" ಎಂದಳು, ನನ್ನ ಮುಖವನ್ನೇ ನೋಡುತ್ತ.

ತೆರೆದ ಕಿಟಕಿಯಿಂದ ಡೆಸ್ಮಂಡ್‌ನ ದನಿ ಬಂತು. ಬರುವ ವಾರ ಯಾವ ಡಬ್ಬ ಎಂದು ಬೇಲಿಯ ಮೇಲಿಂದ ಕೂಗಿ ಕೇಳುತ್ತಿದ್ದ. ಕಪ್ಪು, ಎಂದು ಕೂಗಿದೆ. ನನಗೂ ಗೊತ್ತಿಲ್ಲ. ತಪ್ಪಿದರೆ ಇಬ್ಬರೂ ತಪ್ಪುತ್ತೇವೆ.

ನನ್ನ ಕೋಟು ಇನ್ನೂ ಅವನ ಮನೆಯ ಗೂಟದಲ್ಲೇ ಇದೆ. ಹೋಗಿ ತರಬೇಕು. ಅವಸರವೇನಿಲ್ಲ.